ಯಾರನ್ನೂ ಕೂಗದೆ

ಕೋವಿಡ್ಡಿನ ಗದ್ದಲ ಮುಗಿದು ಎರಡು ವರ್ಷ ಕಳೆದಿತ್ತು. ಚಿತ್ರದುರ್ಗದ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ನಾನು ಆಗ ಎರಡು ವರ್ಷದಿಂದ ಯೋಜನಾ ಸಂಯೋಜಕಿ. ಹುದ್ದೆಯ ಹೆಸರು ದೊಡ್ಡದು, ಕುರ್ಚಿ ಮಾತ್ರ ಪ್ಲಾಸ್ಟಿಕ್ಕಿನದು. ಅದಕ್ಕೂ ಮುಂಚೆ ಇಪ್ಪತ್ತಾರು ವರ್ಷ ಹಳ್ಳಿಗಳನ್ನು ಸುತ್ತುವ ಪುನರ್ವಸತಿ ಕಾರ್ಯಕರ್ತೆಯಾಗಿದ್ದೆ. ಪೋಲಿಯೊ ಆದ ಮಕ್ಕಳಿಗೆ ವ್ಯಾಯಾಮ ಹೇಳಿಕೊಡುವುದು, ಕ್ಯಾಲಿಪರ್‌ಗೆ ಅಳತೆ ಕೊಡಿಸುವುದು (ಬಲವಿಲ್ಲದ ಕಾಲಿಗೆ ಕಟ್ಟುವ ಲೋಹದ ಆಧಾರಕ್ಕೆ ಕ್ಯಾಲಿಪರ್ ಎನ್ನುತ್ತಾರೆ), ಮಾಸಾಶನದ ಅರ್ಜಿ ಬರೆಯುವುದು, ಅದು ಎಲ್ಲಿ ಕೂತಿದೆ ಎಂದು ಹುಡುಕಿ ಎಬ್ಬಿಸುವುದು ನನ್ನ ಕೆಲಸ. ತಾಳ್ಯದ ಬಸ್ಸಿನಲ್ಲಿ ಕಂಡಕ್ಟರು ನನ್ನನ್ನು ಎಲ್ಲಿಗೆ ಎಂದು ಕೇಳುತ್ತಲೇ ಇರಲಿಲ್ಲ. ಇಷ್ಟು ವರ್ಷ ಇದನ್ನೇ ಮಾಡಿದವಳಿಗೆ ಇನ್ನು ಕಲಿಯುವುದೇನಿದೆ ಎಂಬ ಜಂಬ ನನಗೆ ಚೆನ್ನಾಗಿಯೇ ಇತ್ತು.

ಆ ವರ್ಷ ಸಂಸ್ಥೆಗೆ ಹೊಸ ಕೆಲಸವೊಂದು ಬಂತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಪೇಟೆಗಳಲ್ಲಿ ‘ಪ್ರವೇಶ ಪರಿಶೀಲನೆ’ ನಡೆಸುವುದು. ಅಂದರೆ ಬಟ್ಟೆ ಅಂಗಡಿ, ಹೋಟೆಲು, ಮೆಡಿಕಲ್ ಸ್ಟೋರು, ಕಟಿಂಗ್ ಶಾಪು ಇವುಗಳಿಗೆ ವೀಲ್‌ಚೇರಿನಲ್ಲಿ ಬರುವವರು, ಕಣ್ಣು ಕಾಣದವರು, ಕಿವಿ ಕೇಳದವರು ಹೋಗಿ ವ್ಯವಹಾರ ಮಾಡಲು ಸಾಧ್ಯವೇ ಎಂದು ಊರಿನವರೇ ನೋಡಿ ಬರೆಯುವುದು. ಕಾನೂನು ಇದೆ ನಿಜ. ಆದರೆ ಕಾನೂನು ಹಿಡಿದು ಹೋದರೆ ಸಣ್ಣ ಅಂಗಡಿಯವರು ಶಟರ್ ಎಳೆದು ಊಟಕ್ಕೆ ಹೋಗುತ್ತಾರೆ. ಯಾರನ್ನೂ ಹೆದರಿಸದೆ, ಚೆನ್ನಾಗಿರುವ ಅಂಗಡಿಗಳನ್ನು ಮೆಚ್ಚಿ, ಉಳಿದವರಿಗೂ ಆಸೆ ಹುಟ್ಟಿಸಬೇಕು ಎನ್ನುವುದು ನಮ್ಮ ಲೆಕ್ಕಾಚಾರ. ಊರಿಗೆ ಇಪ್ಪತ್ತು ಅಂಗಡಿ ಎಂದು ಗೊತ್ತುಮಾಡಿದೆವು. ತಂಡ ಕಟ್ಟುವುದರಿಂದ ವರದಿ ಬರೆಯುವವರೆಗೆ ಎಲ್ಲವೂ ನನ್ನ ತಲೆಗೇ ಬಂತು.

ಮೊದಲು ಫಾರಂ ಆಗಬೇಕಿತ್ತು. ಈ ಕೆಲಸ ಕೊಟ್ಟವರು ಕಳಿಸಿದ ಮಾದರಿ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಸಾಲಿಗೊಂದರಂತೆ ‘ಆ್ಯಕ್ಸೆಸಿಬಲ್’ ಎಂಬ ಪದ. ಪೇಟೆಯ ಅಂಗಡಿಯವರ ಮುಂದೆ ನಿಂತು ಕೇಳಲು ಅದಕ್ಕೊಂದು ಕನ್ನಡ ಬೇಕು. ‘ಸುಗಮ್ಯ’ ಎಂದು ಯಾರೋ ಸೂಚಿಸಿದರು. ಹಾಗೆ ಕೇಳಿದರೆ ಯಾವ ಕಂಪನಿಯ ಎಣ್ಣೆ ಅದು ಎನ್ನುತ್ತಾರೆ ಎಂದು ನಾನೇ ತಳ್ಳಿಹಾಕಿದೆ. ಎರಡು ದಿನ ಯೋಚಿಸಿ ‘ಅನುಕೂಲ’ ಎಂದು ಬರೆದೆ. ‘ನಿಮ್ಮ ಅಂಗಡಿಯಲ್ಲಿ ವಿಕಲಚೇತನರಿಗೆ ಅನುಕೂಲ ಇದೆಯೇ?’ ಎಷ್ಟು ಸಲೀಸಾಗಿದೆ, ಯಾರಿಗೆ ಅರ್ಥವಾಗುವುದಿಲ್ಲ ಹೇಳಿ ಎಂದು ಕಚೇರಿಯಲ್ಲಿ ಎಲ್ಲರಿಗೂ ಓದಿ ತೋರಿಸಿದೆ. ಸ್ವಸಹಾಯ ಸಂಘಗಳ ಚುರುಕಾದ ಹೆಣ್ಣುಮಕ್ಕಳನ್ನು ಆರಿಸಿ ತಂಡ ಮಾಡಿದೆ. ಬೇಗ ಬೇಗ ಓಡಾಡುವವರಾದರೆ ವಾರದಲ್ಲಿ ಮುಗಿಯುತ್ತದೆ ಎಂಬ ಆಸೆ. ವೀಲ್‌ಚೇರಿನಲ್ಲಿ ಓಡಾಡುವ ಒಬ್ಬರೂ ಆ ತಂಡಗಳಲ್ಲಿ ಇರಲಿಲ್ಲ ಎನ್ನುವುದನ್ನು ಈಗ ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ವಾರ ಕಳೆದು ಫಾರಂಗಳು ಬಂದವು. ಎಂಬತ್ತರಲ್ಲಿ ಎಪ್ಪತ್ತಕ್ಕೂ ಹೆಚ್ಚು ಅಂಗಡಿಗಳಲ್ಲಿ ‘ಇದೆ’ ಎಂದೇ ಇತ್ತು. ವಿವರದ ಕಾಲಂನಲ್ಲಿ ಅಂಗಡಿಯವರ ಮಾತನ್ನು ಹೇಳಿದಂತೆಯೇ ಬರೆಯಿರಿ ಎಂದಿದ್ದೆ. ಹೊಸದುರ್ಗದ ಹೋಟೆಲಿನವರು, ‘ಅನುಕೂಲ ಐತ್ರಿ, ಅವ್ರು ಒಳಾಕೆ ಬರೋದೇ ಬ್ಯಾಡ, ಇಡ್ಲಿ ಆಟೋಕ್ಕೇ ಕೊಟ್ಟು ಬರ್ತೀವಿ’ ಎಂದಿದ್ದರು. ಚಿತ್ರದುರ್ಗದ ಮೆಡಿಕಲ್ ಸ್ಟೋರಿನವರು, ‘ಚೀಟಿ ಕಳಿಸಿದ್ರೆ ಸಾಕು’ ಎಂದಿದ್ದರು. ಹೊಳಲ್ಕೆರೆಯ ಬಂಗಾರದ ಅಂಗಡಿಯವರ ಉತ್ತರವಂತೂ, ‘ನಮ್ಮಲ್ಲಿಗೆ ಬರೋರೆಲ್ಲ ಅನುಕೂಲಸ್ಥರೇ ಕಣಮ್ಮ’ ಎಂದಿತ್ತು. ಅದನ್ನು ಓದಿ ನಾನೊಬ್ಬಳೇ ಕೂತು ನಕ್ಕೆ. ನಗುವ ಬದಲು ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ನಮ್ಮ ಸೀಮೆಯ ಜನ ಎಷ್ಟು ಒಳ್ಳೆಯವರು ಎಂದು ಎದೆಯುಬ್ಬಿಸಿ ವರದಿಯ ಕರಡು ಬರೆದೆ.

ನಮ್ಮ ನಿರ್ದೇಶಕರಿಗೂ ಖುಷಿಯಾಯಿತು. ಅಂಗಡಿಯ ಬಾಗಿಲಿಗೆ ಅಂಟಿಸಲು ನೀಲಿ ಬಣ್ಣದ ಸ್ಟಿಕ್ಕರ್ ಮಾಡಿಸಿದರು. ‘ಎಲ್ಲರಿಗೂ ಅನುಕೂಲ ಇರುವ ಅಂಗಡಿ’ ಎಂದು ಅದರ ಮೇಲೆ ಬರೆದಿತ್ತು. ಮೊದಲ ಸ್ಟಿಕ್ಕರನ್ನು ಹಿರಿಯೂರಿನ ಪರಮೇಶಣ್ಣನವರ ಮ್ಯಾಚಿಂಗ್ ಸೆಂಟರಿಗೆ ಅಂಟಿಸುವುದೆಂದು ನಾನೇ ಆರಿಸಿದೆ. ಸೀರೆಗೆ ಹೊಂದುವ ಬ್ಲೌಸ್ ಪೀಸು, ಲೈನಿಂಗ್, ಫಾಲ್ಸು, ದಾರ ಮಾರುವ ಅಂಗಡಿ ಅದು. ಒಳಗೆ ಹೋದರೆ ಗೋಡೆಯ ತುಂಬ ಬಣ್ಣ. ಅದನ್ನೇ ಆರಿಸಲು ಕಾರಣ ಕೆಂಚಮ್ಮ.

ಕೆಂಚಮ್ಮನನ್ನು ನಾನು ಅವಳ ಹನ್ನೆರಡನೇ ವಯಸ್ಸಿನಿಂದ ಬಲ್ಲೆ. ಹರಿಯಬ್ಬೆಯ ಕಡೆಯ ಕುರಿ ಸಾಕುವ ಮನೆಯವಳು. ನಾನು ಕೆಲಸಕ್ಕೆ ಸೇರಿದ ವರ್ಷ ಕ್ಯಾಲಿಪರ್ ಕೊಡಿಸಿದ ಮೊದಲ ಹುಡುಗಿ. ಅದು ಕಚ್ಚುತ್ತದೆ ಎಂದು ಕುರಿರೊಪ್ಪದ ಬೇಲಿಯಾಚೆ ಎಸೆದು ನನ್ನ ಕೈಯಿಂದ ಬೈಸಿಕೊಂಡವಳು. ಬೈದರೆ ತಿರುಗಿ ಬೈಯುವಷ್ಟು ಬಾಯಿ ಆಗಲೇ ಇತ್ತು. ಆಮೇಲೆ ಹೊಲಿಗೆ ಕಲಿತಳು, ಹಿರಿಯೂರಿಗೆ ಬಂದು ಪೇಟೆಯ ಹಿಂದಿನ ಓಣಿಯಲ್ಲಿ ಮನೆ ಮಾಡಿದಳು, ಕೈಯಿಂದಲೇ ನಡೆಸುವ ಮೋಟಾರು ಕೂಡಿಸಿದ ಮಷೀನಿನಲ್ಲಿ ಬ್ಲೌಸು ಹೊಲಿಯುತ್ತ ಹತ್ತೊಂಬತ್ತು ವರ್ಷದಿಂದ ತನ್ನ ಅನ್ನ ತಾನು ದುಡಿಯುತ್ತಿದ್ದಳು. ಓಡಾಡುವುದು ವೀಲ್‌ಚೇರಿನಲ್ಲಿ, ಚಕ್ರವನ್ನು ತಾನೇ ತಳ್ಳಿಕೊಂಡು. ಬೇಕಾದ ಬಟ್ಟೆಯೆಲ್ಲ ಅವಳಿಗೆ ಪರಮೇಶಣ್ಣನವರ ಅಂಗಡಿಯದೇ. ಅವಳು ರಸ್ತೆಯಲ್ಲಿ ನಿಂತು ಒಂದು ಕೂಗು ಹಾಕಿದರೆ ಸಾಕು, ಬೇರೆ ಗಿರಾಕಿಯನ್ನು ಬಿಟ್ಟು ಪರಮೇಶಣ್ಣನೇ ಬಟ್ಟೆ ಹಿಡಿದು ಹೊರಗೆ ಬರುತ್ತಿದ್ದರು. ಇದಕ್ಕಿಂತ ಅನುಕೂಲ ಬೇಕೇ ಎಂದುಕೊಂಡು, ಸ್ಟಿಕ್ಕರ್ ಅವಳ ಕೈಯಿಂದಲೇ ಅಂಟಿಸಬೇಕು ಎಂದು ಕರೆಸಿದೆ.

ಬೆಳಿಗ್ಗೆ ಹನ್ನೊಂದಕ್ಕೆ ಅಂಗಡಿಯ ಮುಂದೆ ನಾಲ್ಕೈದು ಜನ ಸೇರಿದೆವು. ಪರಮೇಶಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ನಾನು ಎರಡು ಮಾತಾಡಿ ಸ್ಟಿಕ್ಕರನ್ನು ಕೆಂಚಮ್ಮನ ಕೈಗಿಟ್ಟೆ. ಅವಳು ಅದನ್ನು ಓದಿದಳು. ಮುಂದಿದ್ದ ಚರಂಡಿಯ ಚಪ್ಪಡಿ ನೋಡಿದಳು, ಮೂರು ಮೆಟ್ಟಿಲು ನೋಡಿದಳು, ಮೇಲಿದ್ದ ಗಾಜಿನ ಬಾಗಿಲು ನೋಡಿದಳು.

“ಎಲ್ಲಿಗೆ ಅಂಟಿಸ್ಲಿ ಅಕ್ಕಾ?” ಎಂದಳು. “ಬಾಗ್ಲಿಗೆ ನನ್ ಕೈ ಎಟಕಲ್ಲ.”

ಪರಮೇಶಣ್ಣನಿಗೆ ಗಾಬರಿಯಾಗಿ, “ಏಯ್, ಇಬ್ರು ಬರ್ರೋ, ಕೆಂಚಮ್ಮನ್ನ ಕುರ್ಚಿ ಸಮೇತ ಎತ್ಕಳ್ರಿ” ಎಂದು ಅಂಗಡಿಯ ಕೆಲಸದವರನ್ನು ಕರೆದರು. ಅವರು ಬಂದು ಚೇರಿನ ಹಿಡಿಗೆ ಕೈ ಹಾಕಿದರು.

“ಮುಟ್‌ಬ್ಯಾಡ್ರಿ” ಎಂದಳು ಕೆಂಚಮ್ಮ. ಧ್ವನಿ ಜೋರೇನಿರಲಿಲ್ಲ. ಅವರು ಕೈ ತೆಗೆದರು. ಸ್ಟಿಕ್ಕರನ್ನು ನನ್ನ ಕೈಗೆ ವಾಪಸು ಕೊಟ್ಟು ಚಕ್ರ ತಿರುಗಿಸಿಕೊಂಡು ಹೊರಟೇಬಿಟ್ಟಳು. ಫೋಟೋ ತೆಗೆಯಲು ಬಂದಿದ್ದವನು ಯಾರ ಫೋಟೋ ತೆಗೆಯಬೇಕೆಂದು ತಿಳಿಯದೆ ನಿಂತಿದ್ದ. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

ಮೊದಲು ಬಂದದ್ದು ಸಿಟ್ಟು, ಸುಳ್ಳು ಹೇಳುವುದಿಲ್ಲ. ಇಷ್ಟು ಜನರ ಮುಂದೆ ನನ್ನ ಮಾನ ತೆಗೆದಳಲ್ಲ ಎಂದು ಅವಳ ಮನೆಗೆ ಹೋದೆ. ಅವಳು ಮಷೀನಿನ ಮುಂದೆ ಕೂತಿದ್ದಳು. “ಕುಂತ್ಕಳ್ರಿ ಅಕ್ಕಾ” ಎಂದು ಬಟ್ಟೆ ಸರಿಸಿ ಜಾಗ ಮಾಡಿದಳು. ನಾನು ಕೂರದೆ ಕೇಳಿದೆ, “ಪರಮೇಶಣ್ಣ ನಿನಗೆ ಏನು ಕಡಿಮೆ ಮಾಡಿದಾರೆ ಹೇಳು.”

“ಏನೂ ಕಮ್ಮಿ ಮಾಡಿಲ್ಲ. ಅದೇ ತ್ರಾಸು” ಎಂದಳು. ಆಮೇಲೆ ಬಿಡಿಸಿ ಹೇಳಿದಳು. ಅವಳು ಕೂಗಿದಾಗ ಪರಮೇಶಣ್ಣ ಮೂರು ಪೀಸು ತರುತ್ತಾರೆ. ಯಾವುದೂ ಸೀರೆಗೆ ಸರಿಹೊಂದುವುದಿಲ್ಲ. ಸ್ವಲ್ಪ ಗಾಢ ಬೇಕು ಎಂದರೆ ಇನ್ನು ಮೂರು ತರುತ್ತಾರೆ. “ಮೂರ್ನೇ ಸಲಕ್ಕೆ ನಂಗೆ ಬಾಯೇ ಬರಲ್ಲ ಅಕ್ಕಾ. ವಯಸ್ಸಾದ ಮನುಷ್ಯ, ಒಳಗೆ ಗಿರಾಕಿ ಬಿಟ್ಟು ಮೆಟ್ಲು ಹತ್ತಿ ಇಳಿತಿರ್ತಾರೆ. ಇದೇ ಸಾಕು ಬಿಡಣ್ಣ ಅಂತ ತಗಂಡು ಬರ್ತೀನಿ. ಹತ್ತೊಂಬತ್ತು ವರ್ಷ ಆತು. ಆ ಅಂಗಡಿ ಒಳಗೆ ಹೆಂಗೈತೆ ಅಂತ ನಾನು ನೋಡಿಲ್ಲ.”

ಬಣ್ಣ ಒಂದೆಳೆ ಆಚೀಚೆಯಾದರೂ ದಿನಬಳಕೆಯ ಬ್ಲೌಸಿಗೆ ನಡೆಯುತ್ತದೆ. ಮದುವೆಯ ಬ್ಲೌಸಿಗೆ ನಡೆಯುವುದಿಲ್ಲ. ಹಾಗಾಗಿ ಕೆಂಚಮ್ಮ ಮದುವೆಯ ಆರ್ಡರನ್ನು ಇದುವರೆಗೂ ಹಿಡಿದಿರಲಿಲ್ಲ. ಹೊಲಿಗೆಯಲ್ಲಿ ಅವಳನ್ನು ಮೀರಿಸುವವರು ಹಿರಿಯೂರಿನಲ್ಲಿ ಇಲ್ಲ ಎಂದು ಅವಳ ಓಣಿಯವರೇ ಹೇಳುತ್ತಿದ್ದರು, ಆದರೂ ಒಳ್ಳೆಯ ಕೆಲಸವೆಲ್ಲ ಬೇರೆಯವರ ಪಾಲಾಗುತ್ತಿತ್ತು. ಈಗ ಅವಳ ಓಣಿಯ ಟೀಚರಮ್ಮನ ಮಗಳಿಗೆ ಮದುವೆ ಗೊತ್ತಾಗಿತ್ತು. ಮಗಳು ತಾಯಿಯ ಧಾರೆ ಸೀರೆಯನ್ನೇ ಉಡುತ್ತೇನೆ ಎಂದಿದ್ದಳು. ಹಳೆಯ ರೇಷ್ಮೆ, ಅದರ ಬ್ಲೌಸ್ ಪೀಸು ಎಂದೋ ಸವೆದು ಹೋಗಿದೆ, ಬಣ್ಣ ಈರುಳ್ಳಿ ಸಿಪ್ಪೆಯದು. ಹೊಲಿದರೆ ನೀನೇ ಹೊಲಿಯಬೇಕು, ತಿಂಗಳ ಕೊನೆಯೊಳಗೆ ಹೂಂ ಅಥವಾ ಊಹೂಂ ಹೇಳು, ಇಲ್ಲದಿದ್ದರೆ ದಾವಣಗೆರೆಗೆ ಕೊಡುತ್ತೇವೆ ಎಂದು ಟೀಚರಮ್ಮ ಸೀರೆಯನ್ನು ಇವಳ ಮನೆಯಲ್ಲಿ ಇಟ್ಟು ಹೋಗಿದ್ದರು. ಕೆಂಚಮ್ಮ ಅದನ್ನು ಬಿಳಿ ಪಂಚೆಯಲ್ಲಿ ಸುತ್ತಿಟ್ಟಿದ್ದಳು. ಬಿಚ್ಚಿ ಅಂಚು ತೋರಿಸಿದಳು. “ಇದನ್ನ ಹಿಡ್ಕಂಡು ಆ ಗೋಡೆ ಮುಂದೆ ಕುಂತ್ಕಂಡ್ರೆ ನಾನು ಹೊಂದಿಸ್ತೀನಿ. ರಸ್ತೇಲಿ ಕುಂತು ಆಗಲ್ಲ” ಎಂದಳು. ಆಗ ನಾನು ಕೂತೆ.

ಫಾರಂ ತೆಗೆದು ಅವಳ ಮುಂದೆ ಇಟ್ಟೆ. ನನ್ನ ಪ್ರಶ್ನೆ ಓದಿ ಅವಳಿಗೆ ನಗು ಬಂತು.

“ಅನುಕೂಲ ಐತಾ ಅಂತ ಕೇಳಿದ್ರೆ ಯಾವ ಅಂಗಡಿಯೋರು ಇಲ್ಲ ಅಂತಾರೆ? ಅನುಕೂಲ ಅಂದ್ರೆ ಅವ್ರು ನಂಗೆ ಮಾಡ್ಕೊಡಾದು. ಅದನ್ಯಾಕೆ ಕೇಳ್ತೀರಿ? ಯಾರ್ನೂ ಕೂಗ್ದೆ ಒಳಾಕೆ ಹೋಗಿ, ಯಾರ್ನೂ ಕೂಗ್ದೆ ಹೊರಾಕೆ ಬರಾಕೆ ಆಗ್ತೈತಾ? ಅಷ್ಟು ಕೇಳ್ರಿ ಸಾಕು.”

ಎರಡು ದಿನ ತಲೆ ಕೆರೆದುಕೊಂಡು ನಾನು ಹುಡುಕಿದ್ದ ಪದವನ್ನು ಅವಳು ಬ್ಲೌಸಿನ ಹೊಲಿಗೆ ಬಿಚ್ಚಿದಷ್ಟು ಸಲೀಸಾಗಿ ಬಿಚ್ಚಿಟ್ಟಿದ್ದಳು. ನಮ್ಮ ಕಡೆ ಯಾರಾದರೂ ಕೈ ಹಿಡಿದು ನಡೆಸಿದರೂ ಅನುಕೂಲ, ಎತ್ತಿ ಒಳಗೆ ಇಟ್ಟರೂ ಅನುಕೂಲ, ಮನೆಗೇ ಕಳಿಸಿದರೂ ಅನುಕೂಲ. ಆ ಪದದಲ್ಲಿ ಮಾಡುವವರು ಒಬ್ಬರು, ಮಾಡಿಸಿಕೊಳ್ಳುವವರು ಇನ್ನೊಬ್ಬರು ಇದ್ದೇ ಇರುತ್ತಾರೆ. ಹುಟ್ಟಿದಾಗಿನಿಂದ ಆಡುವ ಮಾತು, ನನಗೇ ಹೊಳೆದಿರಲಿಲ್ಲ. ಅವಳೆದುರು ತಪ್ಪಾಯಿತು ಎಂದೆ. “ಇರ್ಲಿ ಬಿಡ್ರಿ, ಕ್ಯಾಲಿಪರ್ ಎಸೆದಾಗ ನಾನು ನಿಮ್ಗೆ ತಪ್ಪಾತು ಅಂದಿದ್ನಾ?” ಎಂದು ನಕ್ಕಳು.

ಚಿತ್ರದುರ್ಗಕ್ಕೆ ವಾಪಸಾಗಿ ನಿರ್ದೇಶಕರಿಗೆ ಎಂಬತ್ತು ಫಾರಮ್ಮೂ ತಪ್ಪು, ವರದಿಯೂ ತಪ್ಪು, ಸ್ಟಿಕ್ಕರೂ ತಪ್ಪು ಎಂದು ಹೇಳಿದೆ. ಅವರು ಸ್ಟಿಕ್ಕರಿನ ಕಟ್ಟನ್ನು ನೋಡಿ ನಿಟ್ಟುಸಿರು ಬಿಟ್ಟರು. “ಅವಳನ್ನು ಮೊದಲೇ ಕೇಳಿದ್ದರೆ?” ಎಂದರು. ಒಂದು ತಿಂಗಳು ಗಡುವು ಕೊಟ್ಟರು. ನಾನು ಕೆಂಚಮ್ಮನ ಮಾತನ್ನೇ ಹೊಸ ಫಾರಮ್ಮಿನ ಮೊದಲ ಸಾಲು ಮಾಡಿದೆ: ‘ಯಾರನ್ನೂ ಕೂಗದೆ ಒಳಗೆ ಹೋಗಿ, ಯಾರನ್ನೂ ಕೂಗದೆ ಹೊರಗೆ ಬರಬಹುದೇ?’ ಉತ್ತರವನ್ನು ಅಂಗಡಿಯವರು ಹೇಳುವಂತಿಲ್ಲ, ತಂಡದವರು ಹೋಗಿ ಬಂದು ಬರೆಯಬೇಕು. ಪ್ರತಿ ತಂಡದಲ್ಲೂ ವೀಲ್‌ಚೇರಿನವರು ಒಬ್ಬರು, ಕಣ್ಣು ಕಾಣದವರು ಒಬ್ಬರು ಇರಲೇಬೇಕು. ಕೆಂಚಮ್ಮನನ್ನು ನಾಲ್ಕೂ ಊರಿನ ತಂಡಗಳಿಗೆ ತರಬೇತಿ ಕೊಡಲು ಕರೆದೆವು.

ಅವಳು ಕೆಲಸ ಮಾಡುವುದನ್ನು ನೋಡಬೇಕಿತ್ತು. ದರ್ಜಿಯ ಟೇಪು ಕೊರಳಿಗೆ ಹಾಕಿಕೊಂಡೇ ಬರುತ್ತಿದ್ದಳು. ನಾನು ಇಂಜಿನಿಯರುಗಳ ಪುಸ್ತಕ ನೋಡಿ ಒಂದಕ್ಕೆ ಹನ್ನೆರಡು ಎಂಬ ನಿಯಮ ವಿವರಿಸಿದೆ: ಒಂದಿಂಚು ಎತ್ತರ ಹತ್ತಲು ಹನ್ನೆರಡು ಇಂಚು ಉದ್ದದ ಇಳಿಜಾರು ಬೇಕು, ಅದಕ್ಕಿಂತ ಕಡಿದಾದರೆ ಕೈಯಲ್ಲಿ ಚಕ್ರ ತಳ್ಳಿ ಹತ್ತಲಾಗುವುದಿಲ್ಲ. ಅವಳು ಅರ್ಧ ನಿಮಿಷದಲ್ಲಿ ಹಿಡಿದುಕೊಂಡಳು. “ಇಂಚಿಗೆ ಅಡಿ ಅನ್ರಿ” ಎಂದಳು. ಅಲ್ಲಿಂದ ಮುಂದೆ ಎಲ್ಲ ತಂಡಗಳಲ್ಲೂ ಅದಕ್ಕೆ ಇಂಚಿಗೆ ಅಡಿ ಎಂದೇ ಹೆಸರಾಯಿತು. ಹೊಸದುರ್ಗದ ಹೋಟೆಲಿನಲ್ಲಿ ಕೈ ತೊಳೆಯುವ ಬೇಸಿನ್ನಿಗೆ ಕೈ ಚಾಚಿ, ನಲ್ಲಿಯ ಕೆಳಗೆ ಬೆರಳ ತುದಿ ಮಾತ್ರ ಹೋಗುತ್ತದೆ ಎಂದು ಬರೆಸಿದಳು. ಅಲ್ಲಿನ ಮಾಲೀಕರು ಏನೋ ಹೇಳಲು ಬಾಯಿ ತೆರೆದರು. “ನೀವು ಬೈಬ್ಯಾಡ್ರಿ ಅಣ್ಣ, ನಾನೂ ಬೈಯಲ್ಲ. ಬೇಸಿನ್ ಎಷ್ಟೈತೆ ಅಷ್ಟು ಬರೀತೀವಿ” ಎಂದಳು. ಹೊಳಲ್ಕೆರೆಯಲ್ಲಿ ಕಣ್ಣು ಕಾಣದ ಒಬ್ಬ ಮೇಷ್ಟ್ರು ತಂಡದಲ್ಲಿದ್ದರು. ಮೆಡಿಕಲ್ ಸ್ಟೋರಿನವರು ಅವರ ಮಾತ್ರೆಯ ವಿವರವನ್ನು ಜೊತೆಯಲ್ಲಿದ್ದವರಿಗೆ ಹೇಳುವುದನ್ನು ಗಮನಿಸಿ, ಅದನ್ನೂ ಫಾರಮ್ಮಿಗೆ ಸೇರಿಸಿದಳು. ಇಪ್ಪತ್ತೆಂಟು ವರ್ಷದ ಅನುಭವ ಹೊತ್ತುಕೊಂಡು ನಾನು ಅವಳ ಹಿಂದೆ ಹಿಂದೆ ಬರೆದುಕೊಳ್ಳುತ್ತ ನಡೆದೆ. ನನಗೆ ಅದರಲ್ಲಿ ಬೇಸರವಾಗಲಿಲ್ಲ, ಹೆಮ್ಮೆಯಾಯಿತು. ಈ ಸಲ ‘ಹೌದು’ ಎಂದು ಬಂದ ಅಂಗಡಿಗಳನ್ನು ಎಣಿಸಲು ಎರಡು ಕೈಯ ಬೆರಳು ಸಾಕಾದವು.

ಪರಮೇಶಣ್ಣನವರ ಅಂಗಡಿಯನ್ನು ಕೆಂಚಮ್ಮ ಕೊನೆಗೆ ಇಟ್ಟುಕೊಂಡಿದ್ದಳು. ಟೀಚರಮ್ಮ ಹೇಳಿದ್ದ ತಿಂಗಳು ಮುಗಿಯಲು ಆಗ ಹನ್ನೆರಡು ದಿನ ಉಳಿದಿತ್ತು. ನಾವು ಹೋದಾಗ ಅವರು ಮುಖ ಗಂಟಿಕ್ಕಿಕೊಂಡಿದ್ದರು. ಅವತ್ತು ಎಲ್ಲರೆದುರು ಆದದ್ದನ್ನು ಅವರು ಮರೆತಿರಲಿಲ್ಲ.

“ಹತ್ತೊಂಬತ್ತು ವರ್ಷ ರಸ್ತೆಗೆ ತಂದು ಕೊಟ್ಟಿದ್ದು ತಪ್ಪಾತೇನಮ್ಮ?” ಎಂದರು.

“ತಪ್ಪಲ್ಲಣ್ಣ. ನಿಮ್ಮಂಗೆ ಯಾರೂ ನೋಡ್ಕಂಡಿಲ್ಲ. ಅದಕ್ಕೇ ನಿಮ್ಮತ್ರ ನಂಗೆ ಜಗಳ ಆಡಾಕೆ ಆಗಲ್ಲ. ಬ್ಯಾರೆ ಹೆಂಗಸ್ರು ನಿಮ್ಮಂಗಡ್ಯಾಗೆ ಎಷ್ಟು ಜಗಳ ಆಡ್ತಾರೆ? ಈ ಕಲರ್ ಬ್ಯಾಡ, ಆ ಕಲರ್ ತೆಗಿ, ರೇಟ್ ಜಾಸ್ತಿ ಆತು ಅಂತ. ನಂಗೂ ಆಡಬೇಕು.”

ಪರಮೇಶಣ್ಣ ನನ್ನ ಮುಖ ನೋಡಿದರು. ಟೇಪು ಬಿಚ್ಚಿ ಅಳೆದೆವು. ಮೂರು ಮೆಟ್ಟಿಲು, ಹದಿನೆಂಟಿಂಚು. ಇಂಚಿಗೆ ಅಡಿಯಂತೆ ಹದಿನೆಂಟು ಅಡಿ ಇಳಿಜಾರು ಬೇಕು. ಮೆಟ್ಟಿಲಿನಿಂದ ಡಾಂಬರು ರಸ್ತೆಗೆ ಚರಂಡಿ ಸೇರಿಸಿ ಆರಡಿ ಇತ್ತು, ಅಷ್ಟೇ. ರ‍್ಯಾಂಪು ಕಟ್ಟಿದರೆ ಅದರ ತುದಿ ಎದುರಿನ ಬೇಕರಿಯ ಕಡೆ ಅರ್ಧ ರಸ್ತೆಗೆ ಹೋಗಿ ನಿಲ್ಲುತ್ತದೆ. “ನೋಡಿದ್ರಾ ಮೇಡಂ, ನಾನೇನ್ ಮಾಡ್ಲಿ?” ಎಂದು ಪರಮೇಶಣ್ಣ ಕೈಚೆಲ್ಲಿದರು. ಅವರ ಧ್ವನಿಯಲ್ಲಿ ಸ್ವಲ್ಪ ನಿರಾಳವೂ ಇತ್ತು. ನಾನು ಫಾರಮ್ಮಿನಲ್ಲಿ ‘ಸಾಧ್ಯವಿಲ್ಲ’ ಎಂದು ಬರೆಯಲು ಪೆನ್ನು ತೆರೆದೆ. ಕೆಂಚಮ್ಮನ ಮದುವೆ ಆರ್ಡರು ಹೋಯಿತು ಎಂದು ಮನಸ್ಸಿಗೆ ತುಂಬ ಕೆಡುಕೆನಿಸಿತು.

ಕೆಂಚಮ್ಮ ಮಾತ್ರ ಹೊರಡಲಿಲ್ಲ. “ಅಣ್ಣಾ, ಬಂಡಲ್ ಎಲ್ಲಿಂದ ಒಳಾಕೆ ಹೋಗ್ತಾವೆ?” ಎಂದು ಕೇಳಿದಳು.

“ಯಾವ ಬಂಡಲ್?”

“ಬಟ್ಟೆ ಬಂಡಲ್. ಹತ್ತೊಂಬತ್ತು ವರ್ಷದಿಂದ ಇಲ್ಲೇ ರಸ್ತೇಲಿ ನಿಂತು ನೋಡ್ತಿದೀನಿ. ಲಾರಿಯಿಂದ ಇಳಿಸ್ತಾರೆ, ಟ್ರಾಲಿ ಮ್ಯಾಲೆ ಹಾಕ್ತಾರೆ, ಪಕ್ಕದ ಓಣಿಗೆ ತಳ್ಕಂಡು ಹೋಗ್ತಾರೆ. ಈ ಮೆಟ್ಲು ಹತ್ತಿದ್ದು ಒಂದ್ ದಿನಾನೂ ನೋಡಿಲ್ಲ. ಅವು ಗಾಲಿ ಮ್ಯಾಲೆ ಹೋಗ್ತಾವಂದ್ರೆ ನಾನೂ ಹೋಗ್ತೀನಿ.”

ನಾವೆಲ್ಲ ಓಣಿಗೆ ಹೋದೆವು. ಅಂಗಡಿಯ ಪಕ್ಕದಲ್ಲಿ ಓಣಿ ಏರುತ್ತ ಹೋಗುತ್ತದೆ, ಹಾಗಾಗಿ ಹಿಂದಿನ ಗೋಡೌನಿನ ಬಾಗಿಲು ನೆಲಕ್ಕೆ ಹತ್ತಿರ. ಅಳೆದರೆ ಐದೇ ಇಂಚು. ಬಾಗಿಲು ಮೂರಡಿ ಅಗಲ. ಗೋಡೆಗುಂಟ ಐದಡಿ ಇಳಿಜಾರು ಮಾಡಲು ಜಾಗ ಧಾರಾಳವಾಗಿತ್ತು. ಆ ಅಂಗಡಿಗೆ ನಾನು ಎಷ್ಟು ಸಲ ಹೋಗಿದ್ದೆ, ಅದನ್ನು ಕಟ್ಟಿಸಿದವರು ಪರಮೇಶಣ್ಣ, ನಮ್ಮಿಬ್ಬರಿಗೂ ಕಾಣದ್ದು ಒಳಗೆ ಕಾಲಿಡದವಳಿಗೆ ಕಂಡಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಧೂಳು ಬಿತ್ತು ಎಂದು ಒರೆಸಿಕೊಂಡೆ.

ಪರಮೇಶಣ್ಣ ಒಡನೆ ಒಪ್ಪಲಿಲ್ಲ. ಅವರಿಗೆ ಬೇರೊಂದು ಸಂಕಟವಿತ್ತು. “ಹಿಂದ್ಲ ಬಾಗ್ಲಾಗೆ ಬಾ ಅಂತ ಹೆಣ್ಮಗಳಿಗೆ ಹೆಂಗ್ ಹೇಳ್ಲಿ? ಜನ ಏನಂದ್ಕಂತಾರೆ?” ಎಂದು ನನ್ನನ್ನು ಬದಿಗೆ ಕರೆದು ಕೇಳಿದರು. ನಾನು ಅದನ್ನು ಕೆಂಚಮ್ಮನಿಗೆ ದಾಟಿಸಿದೆ. “ನಂಗೊಬ್ಳಿಗೇ ತೆಗೆದ್ರೆ ಅದು ಹಿಂದ್ಲ ಬಾಗ್ಲು. ಎಲ್ರಿಗೂ ತೆಗೀರಿ, ಬೋರ್ಡ್ ಹಾಕ್ರಿ, ಇನ್ನೊಂದು ಬಾಗ್ಲು ಆ‍ಗ್ತೈತೆ” ಎಂದಳು. ಪರಮೇಶಣ್ಣ ಅದಕ್ಕೂ ಎರಡು ದಿನ ಯೋಚಿಸಿದರು. ಮೂರನೆಯ ದಿನ ಫೋನ್ ಮಾಡಿ, ಗಾರೆಯವರು ಬಂದಿದ್ದಾರೆ, ಇಂಚಿಗೆ ಅಡಿ ಅಂದ್ರೆ ಏನು ಅಂತ ಅವರಿಗೆ ನೀವೇ ಹೇಳಿ ಎಂದರು. ಗೋಡೌನಿನಲ್ಲಿ ರಾಶಿ ಬಿದ್ದಿದ್ದ ಖಾಲಿ ಡಬ್ಬಗಳನ್ನು ತೆಗೆಸಿದರು. ವೀಲ್‌ಚೇರು ತಿರುಗಲು ಐದಡಿ ಜಾಗ ಬೇಕು ಎಂದಿದ್ದೆವು. ನಿಜವೋ ಸುಳ್ಳೋ ನೋಡೋಣ ಎಂದು ನಮ್ಮ ಸಂಸ್ಥೆಯ ಒಂದು ಚೇರು ತರಿಸಿಕೊಂಡು ತಾವೇ ಕೂತು ತಳ್ಳಿದರು. ಒಂದು ರ‍್ಯಾಕಿಗೆ ಸಿಕ್ಕಿಕೊಂಡು, ಹಿಂದೆಯೂ ಬರಲಾಗದೆ, ಕೆಲಸದವರನ್ನು ಕೂಗಬೇಕಾಯಿತು. ಸಂಜೆಗೇ ಆ ರ‍್ಯಾಕು ಅಲ್ಲಿಂದ ಎದ್ದಿತು. ಒಳ್ಳೆಯ ಮನಸ್ಸಿನ ಮನುಷ್ಯ ತನ್ನ ಒಳ್ಳೆಯತನವನ್ನೇ ಪ್ರಶ್ನಿಸಿದಾಗ ಸಿಟ್ಟಾಗದೆ ಇರುವುದು ಕಷ್ಟ. ಸಿಟ್ಟಾಗಿಯೂ ಗಾರೆಯವರನ್ನು ಕರೆಸಿದ ಪರಮೇಶಣ್ಣನ ಮೇಲೆ ನನಗೆ ಆಗ ಹುಟ್ಟಿದ ಗೌರವ ಇಂದಿಗೂ ಹಾಗೇ ಇದೆ.

ಸಿಮೆಂಟು ಒಣಗಿ, ಮೊದಲ ಸಲ ಕೆಂಚಮ್ಮ ಒಳಗೆ ಹೋಗುವ ದಿನ ಬಂತು. ತಿಂಗಳು ಮುಗಿಯಲು ಎರಡು ದಿನವಿತ್ತು. ನಾನು ಬೆಳಿಗ್ಗೆಯೇ ಬಸ್ಸು ಹಿಡಿದು ಹೋದೆ. ಅವಳು ಸೀರೆಯನ್ನು ಬಿಳಿ ಪಂಚೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. “ಹೋಗಾಣ” ಎಂದೆ.

“ನೀವು ಬರಬ್ಯಾಡ್ರಿ ಅಕ್ಕಾ. ಇಲ್ಲೇ ಇರ‍್ರಿ” ಎಂದಳು.

ನಾನು ಎದುರಿನ ಬೇಕರಿಯಲ್ಲಿ ಕೂತೆ. ಅವಳು ಓಣಿಗೆ ತಿರುಗಿದಳು. ಇಳಿಜಾರಿನ ಬುಡದಲ್ಲಿ ಒಂದು ಕ್ಷಣ ನಿಂತು, ಎರಡೂ ಕೈಯಿಂದ ಚಕ್ರ ಹಿಡಿದು, ಮೂರೇ ಸಲ ತಳ್ಳಿ ಮೇಲೆ ಹೋದಳು. ಬಾಗಿಲು ದಾಟಿದ ಮೇಲೆ ನನಗೆ ಕಾಣಲಿಲ್ಲ. ಆಮೇಲೆ ಮುಂದಿನ ಗಾಜಿನ ಬಾಗಿಲಿನಾಚೆ ಅವಳ ತಲೆ ಕಂಡಿತು. ಗೋಡೆಯ ಮುಂದೆ ಅಲುಗಾಡದೆ ಇದ್ದಳು, ತುಂಬ ಹೊತ್ತು. ಮೇಲಿನಿಂದ ಕೆಳಗಿನವರೆಗೆ ಬಣ್ಣ ನೋಡುತ್ತಿದ್ದಳು. ಯಾರೂ ಅವಳ ಬಳಿ ಹೋಗಲಿಲ್ಲ. ಪರಮೇಶಣ್ಣ ಬೇರೆ ಗಿರಾಕಿಗೆ ಲೈನಿಂಗ್ ಕತ್ತರಿಸುತ್ತಿದ್ದರು. ಆಮೇಲೆ ಅವಳು ಕೈ ಎತ್ತಿ ತೋರಿಸತೊಡಗಿದಳು. ಕೆಲಸದವರು ತೆಗೆದು ತೆಗೆದು ಹಾಕಿದರು. ಒಂದೊಂದನ್ನೂ ಸೀರೆಯ ಅಂಚಿಗೆ ಇಟ್ಟು, ಓಣಿಯ ಬಾಗಿಲಿನ ಬೆಳಕಿಗೆ ಹೋಗಿ, ವಾಪಸು ಬಂದು ಪಕ್ಕಕ್ಕೆ ಇಡುತ್ತಿದ್ದಳು. ನಾನು ಎರಡು ಟೀ ಕುಡಿದು, ಬೇಡವಾದ ಒಂದು ಬನ್ನು ತಿಂದೆ. ಒಂದೂವರೆ ಗಂಟೆ ಆಗಿತ್ತು.

ಹೊರಗೆ ಬಂದಳು. ತೊಡೆಯ ಮೇಲೆ ಸೀರೆಯ ಗಂಟು ಮಾತ್ರ. ಎದ್ದು ರಸ್ತೆ ದಾಟಿ ಓಡಿದೆ.

“ಸಿಗಲಿಲ್ವಾ?”

“ಇಲ್ಲ” ಎಂದಳು. ಅವಳ ಮುಖ ಊರಗಲ ಅರಳಿತ್ತು. “ಅರವತ್ತು ಪೀಸ್ ತೆಗೆಸ್ದೆ ಅಕ್ಕಾ. ಒಂದೂ ಕೂಡ್ಲಿಲ್ಲ. ಯಾವುದೂ ಬ್ಯಾಡ ಅಂತ ಹೇಳಿ ಎದ್ದು ಬಂದೆ!” ಎದ್ದು ಬಂದೆ ಎಂಬ ಮಾತಿಗೆ ಅವಳಿಗೇ ನಗು ಬಂತು. ನಾವಿಬ್ಬರೂ ಓಣಿಯಲ್ಲಿ ನಿಂತು ನಕ್ಕೆವು. “ಟೀಚರಮ್ಮಂಗೆ ಹೂಂ ಅಂತ ಹೇಳಾಕೆ ಹೋಗ್ತಿದೀನಿ. ಇನ್ನೇನು, ಸಿಗೋತನಕ ನಾನೇ ಬಂದು ಹುಡುಕ್ತೀನಿ” ಎಂದು ಚಕ್ರ ತಿರುಗಿಸಿದಳು. ಆ ಬಣ್ಣ ಅದೇ ಅಂಗಡಿಯಲ್ಲಿ, ಅವಳು ಮೂರನೆಯ ಸಲ ಹೋದಾಗ, ಹೊಸ ಬಂಡಲಿನಲ್ಲಿ ಸಿಕ್ಕಿತು. ಮದುವೆಯಲ್ಲಿ ನಾನು ಅದನ್ನು ನೋಡಿದೆ. ಸೀರೆ ಮತ್ತು ಬ್ಲೌಸು ಒಂದೇ ದಿನ ನೇಯ್ದಂತಿದ್ದವು.

ಆದರೆ ಅದು ಆಮೇಲಿನ ಮಾತು. ಆ ದಿನ ಕೆಂಚಮ್ಮ ಓಣಿಯ ತಿರುವು ದಾಟುತ್ತಿದ್ದಂತೆ ಪರಮೇಶಣ್ಣ ಬಾಗಿಲಿಗೆ ಬಂದರು. ಕೈಯಲ್ಲಿ ಮಡಿಚದ ಬಟ್ಟೆ, ಹೆಗಲ ಮೇಲೆ ಎರಡು ಪೀಸು, ಮುಖದಲ್ಲಿ ಎಲ್ಲ ಬಟ್ಟೆ ಅಂಗಡಿಯವರಿಗೂ ಇರುವ ಆ ಮಾಮೂಲಿ ಉರಿ.

“ಅಂಗಡಿಯೆಲ್ಲ ಹರಡಿ ಹೋದ್ಲು ಮೇಡಂ! ಒಂದ್ ಪೀಸೂ ತಗಳ್ಲಿಲ್ಲ! ಇದನ್ನೆಲ್ಲ ಯಾರು ಮಡಚಬೇಕು ಹೇಳ್ರಿ?”

ನನ್ನ ವೃತ್ತಿಯಲ್ಲಿ ನನಗೆ ಸಿಕ್ಕ ಶಾಲು, ಹಾರ, ಪ್ರಮಾಣಪತ್ರಗಳು ಅಟ್ಟದ ಮೇಲಿವೆ. ಪರಮೇಶಣ್ಣನ ಆ ದೂರು ಮಾತ್ರ ಕಿವಿಯಲ್ಲಿದೆ. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಕೇಳಿದರೆ ನಾನು ಇಷ್ಟೇ ಹೇಳುತ್ತೇನೆ: ನೀವು ಯಾರಿಗಾಗಿ ದುಡಿಯುತ್ತೀರೋ ಅವರು ನಿಮ್ಮೆದುರು ನಿಂತು ‘ಬೇಡ’ ಎಂದು ಹೇಳಿ ಹೋಗುವಂತಾಗಿದೆಯೇ ನೋಡಿಕೊಳ್ಳಿ. ಹಾಗೆ ಹೇಳಿದ ದಿನ ನಿಮ್ಮ ಕೆಲಸ ಆಯಿತು ಎಂದು ತಿಳಿಯಿರಿ. ನನಗೆ ಆ ದಿನ ನೋಡಲು ಇಪ್ಪತ್ತೆಂಟು ವರ್ಷ ಹಿಡಿಯಿತು.